ಮಹಾನಗರದಲ್ಲಿ ವಾರಾನ್ನ

ವಾರಾನ್ನವೆಂಬ ಮಾತಿನ ಅರ್ಥವನ್ನು ಅನುಭವದಿಂದ ಬಲ್ಲವರು ಇಂದು ನಮ್ಮ ನಡುವೆ ಬಹಳ ಮಂದಿ ಉಳಿದಿಲ್ಲ. ಹಿಂದೆ ಮೈಸೂರು, ಧಾರವಾಡ, ಉಡುಪಿಯಂತಹ ಊರುಗಳಿಗೆ ಓದಲೆಂದು ಬರುತ್ತಿದ್ದ ಬಡ ಹುಡುಗರು ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ ಎಂದು ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಆ ಮನೆಗಳ ಅನ್ನವನ್ನುಂಡು ವಿದ್ಯೆ ಸಂಪಾದಿಸುತ್ತಿದ್ದರು. ಆ ಪದ್ಧತಿಯನ್ನು ಬಣ್ಣ ಬಳಿದು ಹೊಗಳುವುದು ನನ್ನ ಉದ್ದೇಶವಲ್ಲ. ಬಹುಮಟ್ಟಿಗೆ ಅದು ಜಾತಿಯ ಬೇಲಿಯೊಳಗೇ ನಡೆಯುತ್ತಿತ್ತು. ಉಣ್ಣುವ ಹುಡುಗನಿಗೆ ಹಂಗಿನ ಭಾರವಿರುತ್ತಿತ್ತು. ಬಡಿಸುವ ಕೈಯಲ್ಲಿ ಕೆಲವೊಮ್ಮೆ ಅಸಡ್ಡೆಯೂ ಇರುತ್ತಿತ್ತು. ವಿದ್ಯಾರ್ಥಿನಿಲಯಗಳು ಬಂದು ಆ ಪದ್ಧತಿ ಅಳಿದುದಕ್ಕೆ ಯಾರೂ ಕಣ್ಣೀರು ಸುರಿಸಬೇಕಾಗಿಲ್ಲ. ಆದರೂ ಅದರಲ್ಲಿ ಎರಡು ಗುಣಗಳಿದ್ದವು. ದಿನ ಗೊತ್ತಾಗಿರುತ್ತಿತ್ತು, ಆ ದಿನ ಮನೆಯಲ್ಲಿ ಏನು ಬೆಂದಿತ್ತೋ ಅದನ್ನೇ ಬಡಿಸಲಾಗುತ್ತಿತ್ತು. ವಾರದ ಹುಡುಗ ಬರುವನೆಂದು ಯಾರೂ ಒಲೆಯ ಮೇಲೆ ಪಾಯಸಕ್ಕಿಡುತ್ತಿರಲಿಲ್ಲ. ಅವನಿಗೆ ಆಮಂತ್ರಣವನ್ನೂ ಕಳುಹಿಸುತ್ತಿರಲಿಲ್ಲ.

ಈ ಎರಡು ಗುಣಗಳನ್ನು ಉಳಿಸಿಕೊಂಡು, ಹಂಗನ್ನೂ ಬೇಲಿಯನ್ನೂ ಬಿಟ್ಟು, ಹೊಸದೊಂದು ವಾರಾನ್ನವನ್ನು ಮುಂಬಯಿಯ ಕನ್ನಡ ಮನೆಗಳು ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಹಿಂದೆ ಒಬ್ಬ ಹುಡುಗ ಏಳು ಮನೆಗಳಿಗೆ ಹೋಗುತ್ತಿದ್ದನು. ಈಗ ಏಳೆಂಟು ಮಂದಿ ಒಂದು ಮನೆಗೆ ಬರಲಿ. ವಾರದಲ್ಲಿ ಒಂದು ರಾತ್ರಿಯನ್ನು ಗೊತ್ತುಮಾಡಿ, ಭಾನುವಾರವಲ್ಲ, ಹಬ್ಬವಲ್ಲ, ಹುಟ್ಟುಹಬ್ಬವೂ ಅಲ್ಲ, ಕೆಲಸದ ದಿನದ ಒಂದು ಸಾಮಾನ್ಯ ರಾತ್ರಿ, ಬಂಧುಗಳು, ಸ್ನೇಹಿತರು, ನೆರೆಯವರು ಮನೆಯವರೊಡನೆ ಕುಳಿತು ಮನೆಯ ಸಾಮಾನ್ಯ ಊಟವನ್ನು ಮಾಡಿ ಹೋಗುವಂತಾಗಲಿ. ನಮ್ಮ ಮನೆಯಲ್ಲಿ ಇದು ಹಲವು ವರ್ಷಗಳಿಂದ ನಡೆದು ಬಂದಿದೆ. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ನಿಂತದ್ದು ಸುಮಾರು ಎರಡು ವರ್ಷ. ಅದನ್ನು ಬಿಟ್ಟರೆ ಗುರುವಾರ ತಪ್ಪಿದ್ದು ಅಪರೂಪ. ಆದುದರಿಂದ ಅನುಭವವಿಲ್ಲದೆ ಉಪದೇಶಕ್ಕೆ ಹೊರಟಿದ್ದಾಳೆಂದು ಓದುಗರು ಭಾವಿಸಬಾರದು.

ಇಂತಹ ಲೇಖನಕ್ಕೆ ಆರೋಗ್ಯದ ಪುಟಗಳಲ್ಲಿ ಏನು ಸ್ಥಾನವೆಂದು ಕೇಳುವವರಿರಬಹುದು. ನಾನು ವೈದ್ಯಳಲ್ಲ. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಆದರೆ ಈ ನಗರದಲ್ಲಿ ನಮ್ಮವರು ಯಾವ ಕಾಯಿಲೆಯಿಂದ ಬಳಲುತ್ತಿದ್ದಾರೆಂಬುದನ್ನು ನೋಡಲು ಸ್ಟೆತೊಸ್ಕೋಪು ಬೇಕಾಗಿಲ್ಲ.

ಒಂದು ಕಾಲದಲ್ಲಿ ನಮ್ಮವರು ಇಲ್ಲಿಗೆ ಬಂದದ್ದು ಹೋಟೆಲಿನ ಹುಡುಗರಾಗಿ, ಗಿರಣಿಯ ಕೆಲಸಗಾರರಾಗಿ, ಗುಮಾಸ್ತರಾಗಿ. ಚಾಳಿನ ಒಂದೊಂದು ಕೋಣೆಯಲ್ಲಿ ಎಂಟು ಹತ್ತು ಮಂದಿ ಮಲಗುತ್ತಿದ್ದರು. ವರಳಿ, ನಾಯಗಾಂವ್‌ಗಳ ಬಿ.ಡಿ.ಡಿ. ಚಾಳುಗಳ ಕೋಣೆ ಸುಮಾರು 160 ಚದರ ಅಡಿ. ಕಷ್ಟ ಬೇಕಾದಷ್ಟಿತ್ತು, ಒಂಟಿತನ ಮಾತ್ರ ಇರಲಿಲ್ಲ. ಪಡಸಾಲೆಯಂತಹ ಉದ್ದನೆಯ ಗ್ಯಾಲರಿಯಲ್ಲಿ ಬಾಗಿಲುಗಳು ತೆರೆದೇ ಇರುತ್ತಿದ್ದವು. ಯಾರ ಮನೆಯಲ್ಲಿ ಏನು ಬೇಯುತ್ತಿದೆಯೆಂಬುದು ಮೂಗಿಗೆ ತಿಳಿಯುತ್ತಿತ್ತು, ಯಾರ ಮನೆಯಲ್ಲಿ ಏನೂ ಬೇಯುತ್ತಿಲ್ಲವೆಂಬುದೂ ತಿಳಿಯುತ್ತಿತ್ತು. ಇಂದು ನಾವು ಡೊಂಬಿವಲಿ, ಮೀರಾ ರೋಡ್, ನಾಲಾಸೋಪಾರಾ, ನವಿಮುಂಬಯಿಗಳಿಗೆ ಹರಡಿ ಹೋಗಿದ್ದೇವೆ. ಫ್ಲ್ಯಾಟುಗಳು ವಿಶಾಲವಾಗಿವೆ, ಬಾಗಿಲುಗಳು ಮುಚ್ಚಿವೆ. ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿರುವ ಎರಡು ಕನ್ನಡ ಕುಟುಂಬಗಳು ಪರಸ್ಪರ ಗುರುತು ಹಿಡಿದದ್ದು ಸಂಘದ ವಾರ್ಷಿಕೋತ್ಸವದಲ್ಲಿ ಎಂದರೆ ನಗಬೇಕೋ ಅಳಬೇಕೋ ತಿಳಿಯದು. ಇದು ಕಟ್ಟುಕಥೆಯಲ್ಲ, ನನ್ನ ಕಣ್ಣೆದುರಿನಲ್ಲೇ ನಡೆದುದು.

ಎಲ್ಲರಿಗಿಂತ ಹೆಚ್ಚು ಬಳಲುತ್ತಿರುವವರು ಊರಿನಿಂದ ಕರೆತಂದ ತಾಯಿತಂದೆಗಳು. ಮಗನು ಕರ್ತವ್ಯಪರನೇ, ಊರಿನ ಮನೆಗೆ ಬೀಗ ಹಾಕಿ ಅವ್ವನನ್ನು ಕರೆತಂದಿದ್ದಾನೆ. ಆದರೆ ಅವನು ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಗಾಡಿ ಹಿಡಿದರೆ ಮರಳುವುದು ರಾತ್ರಿ ಒಂಬತ್ತಕ್ಕೆ. ಸೊಸೆಯೂ ಹಾಗೆಯೇ. ಮೊಮ್ಮಕ್ಕಳು ಶಾಲೆ, ಶಾಲೆಯಿಂದ ಕ್ಲಾಸು. ಹದಿನೇಳನೆಯ ಮಹಡಿಯಲ್ಲಿ ಅವ್ವ ಒಬ್ಬಳೇ. ಹಿಂದಿ ಬಾರದು, ಮರಾಠಿ ಬಾರದು, ಲಿಫ್ಟಿನಲ್ಲಿ ಒಬ್ಬಳೇ ಇಳಿಯಲು ಅಂಜಿಕೆ. ತನ್ನೊಬ್ಬಳಿಗಾಗಿ ಏನು ಅಡುಗೆ ಮಾಡುವುದೆಂದು ಮಧ್ಯಾಹ್ನ ತಣ್ಣನೆಯ ಅನ್ನಕ್ಕೆ ಮೊಸರು ಉಪ್ಪಿನಕಾಯಿ ಕಲೆಸಿ ಉಣ್ಣುತ್ತಾಳೆ. ಕೆಲವು ದಿನ ಚಹಾ ಬಿಸ್ಕತ್ತುಗಳಲ್ಲಿಯೇ ಮುಗಿಸುತ್ತಾಳೆ. ಬೇಳೆ, ಕಾಳು, ಸೊಪ್ಪು ಹೊಟ್ಟೆಗೆ ಬೀಳುವುದೇ ಇಲ್ಲ. ವಯಸ್ಸಾದವರು ಒಂಟಿಯಾಗಿ ಉಣ್ಣುವಾಗ ಕಡಿಮೆ ಉಣ್ಣುತ್ತಾರೆ, ಅದರಿಂದ ಮೈಯ ಬಲ, ಸ್ನಾಯುಗಳ ಶಕ್ತಿ ಕುಗ್ಗುತ್ತದೆಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಬಿದ್ದು ಸೊಂಟ ಮುರಿದ ಮೇಲೆ ನಾವು ನೆಲದ ಟೈಲ್ಸುಗಳನ್ನು ಬೈಯುತ್ತೇವೆ.

ಹಾವೇರಿ ಕಡೆಯ ಅಂತಹ ಒಬ್ಬ ಅಜ್ಜಿ ಮಗನ ಬಲವಂತಕ್ಕೆ ಒಂದು ಗುರುವಾರ ಠಾಣೆಯಿಂದ ನಮ್ಮ ಮನೆಗೆ ಬಂದರು. ಅಂದು ರೊಟ್ಟಿಯ ಪಾಳಿ ನಮ್ಮ ಯಜಮಾನರದು. ಅವರು ದಕ್ಷಿಣ ಕನ್ನಡದವರು. ಜೋಳದ ಹಿಟ್ಟಿನೊಡನೆ ಅವರಿಗೆ ಇನ್ನೂ ಸಂಪೂರ್ಣ ಸಂಧಾನವಾಗಿಲ್ಲ. ತಟ್ಟೆಗೆ ಬಿದ್ದುದನ್ನು ಅಜ್ಜಿ ಎತ್ತಿ ಬೆಳಕಿಗೆ ಹಿಡಿದು ನೋಡಿ, "ಇದೇನು ರೊಟ್ಟಿನೋ ಹಪ್ಪಳಾನೋ, ಯಾರ್ ಬಡದಾರ ಇದನ್ನ?" ಎಂದರು. ಮುಂಬಯಿಗೆ ಬಂದ ಮೇಲೆ ಅವ್ವ ಇಷ್ಟು ದೊಡ್ಡ ದನಿಯಲ್ಲಿ ಮಾತನಾಡಿದ್ದನ್ನು ಕೇಳಿಯೇ ಇರಲಿಲ್ಲವೆಂದು ಮಗ ಹೇಳಿದನು. ಮುಂದಿನ ವಾರ ಅವರು ಕೊಣಮಿಗೆಯ ಮುಂದೆ ತಾವೇ ಕುಳಿತರು. ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯ ಗುಜರಾತಿ ಹೆಣ್ಣುಮಗಳು ಏನಾಯಿತೆಂದು ಮೇಲೆ ಬಂದವಳು ಊಟ ಮಾಡಿಕೊಂಡೇ ಹೋದಳು. ಆ ಅಜ್ಜಿ ಈಗ ಗುರುವಾರವನ್ನು ಬೆರಳಿನಲ್ಲಿ ಎಣಿಸುತ್ತಾರೆ.

ಎರಡನೆಯವರು ನಮ್ಮ ತರುಣರು. ಐರೋಲಿಯಲ್ಲೋ ಪವಾಯಿಯಲ್ಲೋ ಕೆಲಸ, ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ವಾಸ, ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ತರಿಸಿದ ಊಟ, ಎದುರಿಗೆ ಇನ್ನೊಂದು ಫೋನು. ಬೆಳ್ತಂಗಡಿ ಕಡೆಯ ಒಬ್ಬ ಹುಡುಗ, ವಯಸ್ಸು ಇಪ್ಪತ್ತೇಳು, ಕಂಪನಿಯ ತಪಾಸಣೆಯಲ್ಲಿ ರಕ್ತದೊತ್ತಡ ಏರಿದೆಯೆಂದು ತಿಳಿದು ಪೆಚ್ಚಾಗಿ ಕುಳಿತಿದ್ದನು. ವಾರದ ಒಂದು ಊಟದಿಂದ ಅವನ ರಕ್ತದೊತ್ತಡ ಇಳಿಯಿತೆಂದು ನಾನು ಹೇಳಲಾರೆ; ಅದಕ್ಕೆ ಅವನು ವೈದ್ಯರ ಬಳಿ ಹೋಗಬೇಕಾಯಿತು. ಹೋಗುವಂತೆ ಮಾಡಿದವರು ಮಾತ್ರ ಊಟಕ್ಕೆ ಬರುತ್ತಿದ್ದ ಒಬ್ಬ ನಿವೃತ್ತ ದಾದಿ. "ಈ ಗುರುವಾರ ಚೀಟಿ ತಾರದಿದ್ದರೆ ನಿನಗೆ ಸಾರು ಇಲ್ಲ" ಎಂದು ಅವರು ಗದರಿಸಿದರು. ಮೇಲಧಿಕಾರಿಯ ಮಾತಿಗೂ ಜಗ್ಗದವನು ಆ ಮಾತಿಗೆ ಜಗ್ಗಿದನು.

ಒಂಟಿತನವು ಬರಿಯ ಮನಸ್ಸಿನ ಬೇಸರವಲ್ಲ, ದೇಹದ ಆರೋಗ್ಯಕ್ಕೂ ಸಂಬಂಧಿಸಿದ್ದೆಂದು ಈಗ ವಿಜ್ಞಾನಿಗಳು ಲೆಕ್ಕ ಸಹಿತ ಹೇಳುತ್ತಿದ್ದಾರೆ. 2010ರಲ್ಲಿ ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಹೋದ್ಯೋಗಿಗಳು 148 ಅಧ್ಯಯನಗಳನ್ನು, ಅಂದರೆ 3,08,849 ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿದರು. ಬಲವಾದ ಸಾಮಾಜಿಕ ಸಂಬಂಧಗಳುಳ್ಳವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಂಭವ ಇತರರಿಗಿಂತ ಶೇಕಡಾ 50ರಷ್ಟು ಹೆಚ್ಚೆಂದು ಕಂಡುಬಂದಿತು. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬದವರಾದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ, ಒಂಟಿತನವನ್ನು ಒಂದು ಪಿಡುಗೆಂದು ಕರೆದು ಎಚ್ಚರಿಕೆಯ ವರದಿಯನ್ನು ಹೊರಡಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು ನೇಮಿಸಿದ ಆಯೋಗವು 2025ರ ಜೂನ್‌ನಲ್ಲಿ ನೀಡಿದ ವರದಿಯಂತೆ ಜಗತ್ತಿನಲ್ಲಿ ಆರು ಮಂದಿಗೆ ಒಬ್ಬರು ಒಂಟಿತನದಿಂದ ಬಾಧಿತರು. ವರ್ಷಕ್ಕೆ ಸುಮಾರು 8,71,000 ಸಾವುಗಳಿಗೆ ಅದರ ಸಂಬಂಧವುಂಟು. ಸಂಬಂಧವಿದೆಯೆಂದ ಮಾತ್ರಕ್ಕೆ ಅದೇ ಏಕಮಾತ್ರ ಕಾರಣವೆಂದಲ್ಲ. ಕಾಯಿಲೆ ಬಿದ್ದವರು ಕ್ರಮೇಣ ಒಂಟಿಯಾಗುವುದೂ ಉಂಟು. ಹಾಗಾದರೂ ಈ ಅಂಕಿಗಳನ್ನು ತಳ್ಳಿಹಾಕಲು ಬರುವಂತಿಲ್ಲ.

ಊಟದ ವಿಷಯವನ್ನೇ ಪ್ರತ್ಯೇಕವಾಗಿ ನೋಡಿದವರೂ ಇದ್ದಾರೆ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ 2017ರಲ್ಲಿ ಪ್ರಕಟಿಸಿದ ಬರಹದ ಪ್ರಕಾರ, ಹೆಚ್ಚು ಸಲ ಇತರರೊಡನೆ ಕುಳಿತು ಉಣ್ಣುವವರು ತಾವು ಹೆಚ್ಚು ಸುಖಿಗಳೆಂದೂ ಕಷ್ಟಕಾಲಕ್ಕೆ ಒದಗುವ ಸ್ನೇಹಿತರು ತಮಗಿದ್ದಾರೆಂದೂ ಹೇಳಿದರು. ಮನಸ್ಸುಗಳನ್ನು ಹತ್ತಿರ ತಂದ ರಾತ್ರಿಯೂಟಗಳಲ್ಲಿ ಹೆಚ್ಚು ಜನ, ನಗು, ಹಳೆಯ ನೆನಪುಗಳ ಮಾತು ಇವೆಲ್ಲ ಇದ್ದವಂತೆ. ಮದ್ಯವೂ ಇತ್ತೆಂದು ಬರೆದಿದ್ದಾರೆ. ನಮಗೆ ಇಂಗು ಹಾಕಿದ ಮಜ್ಜಿಗೆ ಸಾಕು.

ಇಷ್ಟೆಲ್ಲ ಗುಣವಿದ್ದರೆ ನಮ್ಮ ಮನೆಗಳಲ್ಲಿ ಇದು ಏಕೆ ನಡೆಯುವುದಿಲ್ಲ? ಸ್ಥಳವಿಲ್ಲ, ಸಮಯವಿಲ್ಲ, ಹಣವಿಲ್ಲ ಎಂಬ ಮೂರು ಉತ್ತರಗಳು ಸಿದ್ಧವಾಗಿವೆ. ಸ್ಥಳದ ಮಾತನ್ನು ಚಾಳಿನಲ್ಲಿ ಬೆಳೆದವರಾರೂ ಆಡಲಾರರು. ಚಾಪೆ ಹಾಸಿದರೆ ಹತ್ತು ಮಂದಿ ಕೂಡಬಹುದು. ಮಂಡಿನೋವಿನವರಿಗೆ ಎರಡು ಕುರ್ಚಿ ಸಾಕು. ಹಣದ ಮಾತೂ ಅಷ್ಟೇ. ಒಂದು ಕುಟುಂಬ ಒಮ್ಮೆ ಹೋಟೆಲಿಗೆ ಹೋಗಿ ಬರುವ ಖರ್ಚಿನಲ್ಲಿ ಅನ್ನ, ಸಾರು, ಪಲ್ಯ, ಮಜ್ಜಿಗೆಗಳ ಗುರುವಾರಗಳನ್ನು ಒಂದಲ್ಲ, ಕೆಲವನ್ನೇ ಸಾಗಿಸಬಹುದು. ಸಮಯದ ಮಾತು ಸ್ವಲ್ಪ ನಿಜ. ಆದರೆ ಭಾನುವಾರಕ್ಕಿಂತ ವಾರದ ನಡುವಿನ ರಾತ್ರಿಯೇ ವಾಸಿಯೆಂಬುದನ್ನು ಅನುಭವ ಕಲಿಸಿದೆ. ಭಾನುವಾರ ಮದುವೆ, ಮುಂಜಿ, ಯಕ್ಷಗಾನ, ಸಂಘದ ಸಭೆ. ಇವುಗಳ ಮೇಲೆ ರೈಲ್ವೆಯವರ ಮೆಗಾಬ್ಲಾಕ್. ಭಾನುವಾರ ಬಂದ ಅತಿಥಿ ಮೂರು ಗಂಟೆ ಕೂರುತ್ತಾನೆ, ಅವನಿಗೆ ಮೂರು ಗಂಟೆಯ ಉಪಚಾರ ನಡೆಯಬೇಕು. ವಾರದ ದಿನ ಎಂಟಕ್ಕೆ ಬಂದವನು ನಾಳೆ ಕೆಲಸವಿದೆಯೆಂದು ಒಂಬತ್ತೂವರೆಗೆ ಎದ್ದುಹೋಗುತ್ತಾನೆ. ಹೇಗೂ ನಾವು ಉಣ್ಣಲೇಬೇಕಾದ ಊಟವದು. ಅಕ್ಕಿಯನ್ನು ನಾಲ್ಕು ಪಾವು ಹೆಚ್ಚು ಹಾಕಿದರಾಯಿತು.

ಈ ಮೂರು ಉತ್ತರಗಳ ಹಿಂದೆ ಅಡಗಿ ಕುಳಿತಿರುವ ನಿಜವಾದ ಕಾರಣ ಬೇರೆ. ಅದು ನಮ್ಮ ಪ್ರತಿಷ್ಠೆ. ಅತಿಥಿಯೆಂದೊಡನೆ ನಮಗೆ ಹಬ್ಬದ ಊಟವೇ ನೆನಪಾಗುತ್ತದೆ. ಎರಡು ಪಲ್ಯ, ಎರಡು ಕೋಸಂಬರಿ, ಪೂರಿ, ಚಿತ್ರಾನ್ನ, ಹೋಳಿಗೆಯೋ ಶ್ರೀಖಂಡವೋ ಒಂದು, ಅದರ ಮೇಲೆ ಅಂಗಡಿಯಿಂದ ತಂದ ಇನ್ನೊಂದು ಸಿಹಿ. ಗಾಜಿನ ಬಟ್ಟಲುಗಳು ಕಪಾಟಿನಿಂದ ಇಳಿಯಬೇಕು, ಸೋಫಾದ ಹೊದಿಕೆ ಬದಲಾಗಬೇಕು. ಮನೆಯ ಹೆಂಗಸು ಮಧ್ಯಾಹ್ನದಿಂದ ನಿಂತು ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು ಮಲಗಬೇಕು. ಮಾರನೆಯ ದಿನ "ಇನ್ನು ಒಂದು ವರ್ಷ ಯಾರನ್ನೂ ಕರೆಯಬೇಡಿ" ಎಂದು ಆಕೆ ಹೇಳಿದರೆ ತಪ್ಪೇನು? ಉಂಡು ಹೋದವರ ಗತಿಯೂ ಸುಖವಲ್ಲ. ಅವರಿಗೆ ಅದು ಸಾಲವಾಗುತ್ತದೆ. ಅವರು ಹೋಳಿಗೆ ಹಾಕಿದರೆ ನಾವು ಜಿಲೇಬಿ ಹಾಕಬೇಕು. ಹೀಗೆ ಎರಡು ಒಳ್ಳೆಯ ಕುಟುಂಬಗಳು ಪರಸ್ಪರ ಗೌರವದಿಂದಲೇ ದೂರವಾಗುತ್ತವೆ. ಮೂರು ವರ್ಷಕ್ಕೊಮ್ಮೆ ಹಾಕುವ ಹಬ್ಬದೂಟಕ್ಕಿಂತ ಮೂರು ವರ್ಷ ವಾರವಾರವೂ ಹಾಕುವ ಸಾರನ್ನವೇ ಮೇಲೆಂಬ ನನ್ನ ವಾದಕ್ಕೆ ಇದೇ ಮೂಲ.

ಇಲ್ಲಿ ಹೆಂಗಸರ ದುಡಿಮೆಯ ಮಾತನ್ನು ನೇರವಾಗಿ ಆಡಬೇಕಾಗಿದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆ ಅದಕ್ಕಾಗಿ ದಿನಕ್ಕೆ 289 ನಿಮಿಷಗಳನ್ನು ವ್ಯಯಿಸಿದರೆ ಪುರುಷನು ವ್ಯಯಿಸುವುದು 88 ನಿಮಿಷ. ಈ ನಗರದ ಗಿರಣಿಗಾಂವ್‌ನಲ್ಲಿ ಖಾನಾವಳಿ ನಡೆಸುತ್ತಿದ್ದ ಹೆಂಗಸರು ಹತ್ತಾರು ಕೆಲಸಗಾರರಿಗೆ ತಿಂಗಳ ಲೆಕ್ಕದಲ್ಲಿ ಅಡುಗೆ ಮಾಡಿ ಹಾಕಿದರು. 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣಾ ಮಹಿಳಾ ಮಂಡಲವನ್ನು ಕಟ್ಟಿ ಆ ಹೆಂಗಸರಿಗೆ ಬ್ಯಾಂಕಿನ ಸಾಲ ದೊರೆಯುವಂತೆ ಮಾಡಿದರು. ಅಡುಗೆ ಒಂದು ದುಡಿಮೆಯೆಂದು ಲೋಕ ಒಪ್ಪಿದ ಅಪರೂಪದ ಸಂದರ್ಭವದು. ನಮ್ಮ ಮನೆಗಳಲ್ಲಿ ಆತಿಥ್ಯದ ಹೆಸರು ಯಜಮಾನನಿಗೆ, ಬೆವರು ಗೃಹಿಣಿಗೆ. "ನಮ್ಮ ಮನೆಗೆ ಯಾವಾಗ ಬೇಕಾದರೂ ಬನ್ನಿ" ಎಂದು ಬಾಗಿಲಲ್ಲಿ ನಿಂತು ಉದಾರವಾಗಿ ಹೇಳುವ ಮಹನೀಯರಿಗೆ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಕೇಳಿ ನೋಡಬೇಕು.

ಆದುದರಿಂದ ಹೊಸ ವಾರಾನ್ನಕ್ಕೆ ನನ್ನ ಕಟ್ಟಳೆಗಳು ಕಠಿಣವಾಗಿವೆ. ಒಂದು ಅನ್ನ ಅಥವಾ ರೊಟ್ಟಿ, ಒಂದು ಸಾರು ಅಥವಾ ಹುಳಿ, ಒಂದು ಪಲ್ಯ, ಮಜ್ಜಿಗೆ, ಇಷ್ಟೇ. ತರಕಾರಿ ಹೆಚ್ಚುವುದು, ನೀರು ತುಂಬುವುದು ಗಂಡಸರ ಕೆಲಸ. ತಟ್ಟೆಯನ್ನು ಉಂಡವರೇ ತೊಳೆಯಬೇಕು, ಅವರು ಬ್ಯಾಂಕಿನ ಮ್ಯಾನೇಜರರಾಗಿರಲಿ, ಸಂಘದ ಅಧ್ಯಕ್ಷರಾಗಿರಲಿ. ಯಾರೂ ಸಿಹಿಯ ಪೊಟ್ಟಣ ತರಕೂಡದು. ತರಲೇಬೇಕೆಂದಿದ್ದರೆ ಹಣ್ಣು, ಇಲ್ಲವೇ ಊರಿನಿಂದ ಬಂದ ಒಂದು ಹಿಡಿ ಹುರುಳಿ. ಗೃಹಿಣಿ ಪಂಕ್ತಿಯಲ್ಲಿ ಎಲ್ಲರ ಜೊತೆಗೇ ಕೂರಬೇಕು. ಪಾತ್ರೆಗಳು ನಡುವಿರಲಿ, ಬೇಕಾದವರು ಬೇಕಾದಷ್ಟು ಬಡಿಸಿಕೊಳ್ಳಲಿ. ಬಂದವರೆಲ್ಲ ಉಂಡ ಮೇಲೆ ಅಡುಗೆಮನೆಯಲ್ಲಿ ನಿಂತು ತಳ ಕೆರೆದು ಉಣ್ಣುವ ಪದ್ಧತಿಗೆ ಯಾವ ಶಾಸ್ತ್ರದ ಆಧಾರವಿದ್ದರೂ ನಾನು ಒಪ್ಪುವವಳಲ್ಲ.

ಸಾದಾ ಊಟವೆಂದರೆ ರುಚಿಯಿಲ್ಲದ ಊಟವಲ್ಲ. ಕರ್ನಾಟಕದಲ್ಲೇ ಇದ್ದಿದ್ದರೆ ನಮ್ಮ ನಮ್ಮ ಜಿಲ್ಲೆಯ ಅಡುಗೆಯನ್ನೇ ಉಂಡು ಮುಗಿಸುತ್ತಿದ್ದೆವೇನೋ; ಈ ಪರಸ್ಥಳದಲ್ಲಿ ಇಡೀ ರಾಜ್ಯ ಒಂದು ಪಂಕ್ತಿಗೆ ಬರುತ್ತದೆ. ಕರಾವಳಿಯ ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಸುಟ್ಟ ಬದನೆಯ ಗೊಜ್ಜು, ಮಂಡ್ಯದವರ ಮುದ್ದೆ ಬಸ್ಸಾರು, ವಿಜಯಪುರದವರ ಝುಣಕ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ, ಮಲೆನಾಡಿನವರ ತಂಬುಳಿ. ಮುದ್ದೆಯನ್ನು ಅಗಿಯಬಾರದು, ನುಂಗಬೇಕೆಂದು ಕಲಬುರ್ಗಿಯ ಹುಡುಗನಿಗೆ ನಾಗಮಂಗಲದ ರಾಯರು ಪಾಠ ಹೇಳಿದ ದಿನ ನಮ್ಮ ಮನೆಯಲ್ಲಿ ನಕ್ಕ ನಗು ಯಾವ ಹಾಸ್ಯನಾಟಕದಲ್ಲೂ ನಾನು ನಕ್ಕಿಲ್ಲ. ಕುಚ್ಚಲಕ್ಕಿಯಾಗಲಿ ಬಾಳೆಯೆಲೆಯಾಗಲಿ ಮಾಟುಂಗಾದಲ್ಲಿ ಸಿಗುತ್ತದೆ. ಈ ಅಡುಗೆಗಳಲ್ಲಿ ಬಹುಪಾಲು ಕಾಳು, ಸೊಪ್ಪು, ಕಿರುಧಾನ್ಯಗಳವು; ಪಥ್ಯವೆಂದು ಯಾರೂ ಹೇಳದೆಯೇ ಪಥ್ಯವಾಗಿರುವಂತಹವು.

ಆದರೂ ಆರೋಗ್ಯದ ದೃಷ್ಟಿಯಿಂದ ಕೆಲವು ಎಚ್ಚರಿಕೆಗಳನ್ನು ಹೇಳದಿದ್ದರೆ ತಪ್ಪಾದೀತು. ಜನರ ನಡುವೆ ಕುಳಿತಾಗ ನಾವು ಒಂಟಿಯಾಗಿ ಉಣ್ಣುವುದಕ್ಕಿಂತ ಹೆಚ್ಚು ಉಣ್ಣುತ್ತೇವೆಂಬುದನ್ನು ಜಾನ್ ಡಿ ಕ್ಯಾಸ್ಟ್ರೊ ಎಂಬ ವಿಜ್ಞಾನಿ ಜನರ ಊಟದ ದಿನಚರಿಗಳನ್ನು ಪರಿಶೀಲಿಸಿ ತೋರಿಸಿದ್ದಾರೆ. ಹಾವೇರಿಯ ಅಜ್ಜಿಗೆ ಇದು ವರ, ಬೊಜ್ಜಿನವರಿಗೂ ಸಕ್ಕರೆ ಕಾಯಿಲೆಯವರಿಗೂ ಶಾಪ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಎಂಟು ಮಂದಿಯ ಪಂಕ್ತಿಯಲ್ಲಿ ಒಬ್ಬರಿಬ್ಬರು ಅಂತಹವರಿದ್ದೇ ಇರುತ್ತಾರೆಂದು ತಿಳಿದು ನಡೆಯಬೇಕು. ಇವರಿಗೆ ನಮ್ಮ ಬಲವಂತದ ಉಪಚಾರದಷ್ಟು ದೊಡ್ಡ ಶತ್ರು ಇಲ್ಲ. "ನಮ್ಮ ಮೇಲೆ ಆಣೆ, ಇನ್ನೊಂದು ಹಾಕಿಕೊಳ್ಳಿ" ಎಂಬ ಮಾತು ಪ್ರೀತಿಯಿಂದ ಬಂದರೂ ಪರಿಣಾಮದಲ್ಲಿ ಪ್ರೀತಿಯದಲ್ಲ. ಬೇಡವೆಂದವರ ಎಲೆಯ ಮೇಲೆ ಸೌಟು ಆಡಿಸಬಾರದು.

ಹೊತ್ತಿನ ವಿಷಯವೂ ಮುಖ್ಯ. ಇನ್‌ಸುಲಿನ್ ಚುಚ್ಚಿಕೊಂಡು, ಇಲ್ಲವೆ ಊಟಕ್ಕೆ ಮುಂಚಿನ ಗುಳಿಗೆ ನುಂಗಿ ಬಂದವರನ್ನು ಮಾತಿನಲ್ಲಿ ಒಂಬತ್ತೂವರೆವರೆಗೆ ಕೂರಿಸಿದರೆ ರಕ್ತದ ಸಕ್ಕರೆ ಕುಸಿದು ಬೆವರಿ ತಲೆಸುತ್ತಿ ಬೀಳುವ ಅಪಾಯವುಂಟು. ನಮ್ಮಲ್ಲಿ ಎಂಟೂಕಾಲಿಗೆ ಎಲೆ. ಬಾರದವರಿಗಾಗಿ ಕಾಯುವುದಿಲ್ಲ, ಗಾಡಿ ತಡವಾದವರಿಗೆ ತೆಗೆದಿಟ್ಟಿರುತ್ತದೆ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಎಂದರೆ ಹೆಚ್ಚೆಂದರೆ ಒಂದು ಚಹಾ ಚಮಚೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮೂರೂ ಒಂದೇ ಎಲೆಯ ಮೇಲೆ ಬಿದ್ದರೆ ಆ ಲೆಕ್ಕ ಎಲ್ಲಿ ಉಳಿಯುತ್ತದೆ? ಉಳಿದ ಅನ್ನವನ್ನು ಮುಂಬಯಿಯ ಸೆಕೆಯಲ್ಲಿ ಬೆಳಗಿನವರೆಗೆ ಹೊರಗಿಡಬಾರದು; ಅನ್ನದಲ್ಲಿ ಬೆಳೆಯುವ ಕೆಲವು ಸೂಕ್ಷ್ಮಜೀವಿಗಳ ವಿಷ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು, ಇಲ್ಲವೆ ಒಂಟಿಯಾಗಿರುವವರ ಡಬ್ಬಿಗೆ ಹಾಕಿ ಕಳುಹಿಸಬೇಕು. ಎರಡನೆಯದೇ ಉತ್ತಮ.

ಇನ್ನೊಂದು ಮಾತುಂಟು, ಕೆಲವರಿಗೆ ಅದು ರುಚಿಸದಿರಬಹುದು. ಈ ನಗರದಲ್ಲಿ ನಮ್ಮವರು ಕಟ್ಟಿದ ಸಂಸ್ಥೆಗಳಿಗೆ ಕೊರತೆಯಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ ಸ್ಥಾಪನೆಯಾದದ್ದು 1926ರಲ್ಲಿ. ಒಂದೊಂದು ಸಮುದಾಯಕ್ಕೂ ಅದರದೇ ಸಂಘ, ಅದರದೇ ಸಭಾಗೃಹಗಳಿವೆ. ರಾಜ್ಯೋತ್ಸವದ ವೇದಿಕೆಯಲ್ಲಿ ನಾವೆಲ್ಲರೂ ಕನ್ನಡಿಗರು. ಆದರೆ ಕಳೆದ ಒಂದು ವರ್ಷದಲ್ಲಿ ನೀವು ಯಾರ ಯಾರ ಮನೆಯಲ್ಲಿ ಕುಳಿತು ಉಂಡಿರಿ, ಯಾರು ಯಾರು ನಿಮ್ಮ ಮನೆಯಲ್ಲಿ ಉಂಡರು ಎಂದು ಬೆರಳು ಮಡಚಿ ಎಣಿಸಿ ನೋಡಿ. ಆ ಹೆಸರುಗಳೆಲ್ಲ ಒಂದೇ ಕುಲದವಾಗಿದ್ದರೆ, ನಾವು ಊರಿನ ಬೇಲಿಯನ್ನು ಕಿತ್ತು ತಂದು ಇಲ್ಲಿ ಹದಿನೇಳನೆಯ ಮಹಡಿಯಲ್ಲಿ ನೆಟ್ಟಿದ್ದೇವೆಂದೇ ಅರ್ಥ. ಹನ್ನೆರಡನೆಯ ಶತಮಾನದ ಶರಣರ ದಾಸೋಹವನ್ನು ಭಾಷಣಗಳಲ್ಲಿ ಕೊಂಡಾಡುವ ನಾವು ನಮ್ಮ ಊಟದ ಮೇಜಿಗೆ ಅದನ್ನು ಬರಗೊಟ್ಟಿಲ್ಲ.

ಆಹಾರದ ಕಟ್ಟುಪಾಡುಗಳನ್ನು ಮುರಿಯಬೇಕೆಂದು ನಾನು ಹೇಳುತ್ತಿಲ್ಲ. ಗುರುವಾರವನ್ನು ನಾವು ಆರಿಸಿಕೊಂಡದ್ದೇ ಅದಕ್ಕಾಗಿ. ಮೀನು ಮಾಂಸ ಉಣ್ಣುವ ಮನೆಗಳಲ್ಲಿಯೂ ಅನೇಕರು ಗುರುವಾರ ಅದನ್ನು ಮುಟ್ಟುವುದಿಲ್ಲ. ಹೀಗಾಗಿ ಯಾರೂ ಯಾರಿಗಾಗಿಯೂ ತ್ಯಾಗ ಮಾಡಿದಂತಾಗುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ಬೇಡದವರಿಗೆ ಸಾರು ಅದಿಲ್ಲದೆಯೇ ಆಗುತ್ತದೆ. ನಮ್ಮಲ್ಲಿಗೆ ಬರುವ ಹಿರಿಯರೊಬ್ಬರು ಮಡಿವಂತರು, ಪರರ ಮನೆಯ ಬೇಯಿಸಿದ ಅನ್ನವನ್ನು ಉಣ್ಣುವವರಲ್ಲ. ಅವರು ಎರಡು ಬಾಳೆಹಣ್ಣು, ಒಂದು ಲೋಟ ಹಾಲಿನೊಡನೆ ಪಂಕ್ತಿಯಲ್ಲಿ ಕೂರುತ್ತಾರೆ. ಅವರ ಬಲಗಡೆ ಯಾರು, ಎಡಗಡೆ ಯಾರು ಎಂದು ಅವರು ಈವರೆಗೆ ಕೇಳಿಲ್ಲ, ನಾವೂ ಹೇಳಿಲ್ಲ. ಮೊದಲ ದಿನ ಹತ್ತು ನಿಮಿಷ ಕುಳಿತಿದ್ದವರನ್ನು ಈಗ ಗಡಿಯಾರ ತೋರಿಸಿ ಎಬ್ಬಿಸಬೇಕಾಗಿದೆ.

ಮಕ್ಕಳ ಕನ್ನಡದ ಬಗ್ಗೆ ಸಂಘಗಳಲ್ಲಿ ಎಷ್ಟೋ ಠರಾವುಗಳು ಆಗಿವೆ, ಪಾಲಿಕೆಯ ಕನ್ನಡ ಶಾಲೆಗಳು ಮಾತ್ರ ಒಂದೊಂದಾಗಿ ಬರಿದಾಗುತ್ತ ಬಂದವು. ಅದರ ನೋವನ್ನು ನಾನು ತರಗತಿಯಲ್ಲೇ ಉಂಡವಳು. ಇಷ್ಟಂತೂ ಹೇಳಬಲ್ಲೆ: ತಾಯಿ ತಂದೆ ಇಬ್ಬರ ಬಾಯಿಂದ ಮಾತ್ರ ಕೇಳಿದ ಭಾಷೆ ಮಗುವಿಗೆ ಅಪ್ಪಣೆಯ ಭಾಷೆಯಾಗಿ ಉಳಿಯುತ್ತದೆ: ಏಳು, ಓದು, ಮಲಗು. ಅದೇ ಭಾಷೆಯಲ್ಲಿ ಎಂಟು ಮಂದಿ ವಾದಿಸುವುದನ್ನೂ ಚೇಷ್ಟೆ ಮಾಡುವುದನ್ನೂ ಸುಳ್ಳು ಹೇಳಿ ಸಿಕ್ಕಿಬೀಳುವುದನ್ನೂ ಕೇಳಿದ ಮಗುವಿಗೆ ಅದು ಬೇರೆಯೇ ಆಗಿ ಕಾಣುತ್ತದೆ.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನದೊಂದು ಸೂಚನೆಯಿದೆ. ಪ್ರತಿ ವರ್ಷ ಸ್ಮರಣ ಸಂಚಿಕೆಯ ಕೊನೆಯಲ್ಲಿ ಸದಸ್ಯರ ಹೆಸರುಗಳನ್ನು ಅಕಾರಾದಿಯಾಗಿ ಅಚ್ಚು ಹಾಕುತ್ತೇವೆ. ಅದರ ಜೊತೆಗೆ, ಅಚ್ಚಿಗಲ್ಲದೆ ಸಮಿತಿಯ ಉಪಯೋಗಕ್ಕೆಂದೇ, ಬಡಾವಣೆಯ ಪ್ರಕಾರ ಒಂದು ಪಟ್ಟಿ ಸಿದ್ಧವಾಗಲಿ: ನಡೆದುಹೋಗುವಷ್ಟು ದೂರದಲ್ಲಿ ಯಾವ ಯಾವ ಕನ್ನಡ ಮನೆಗಳಿವೆ, ಆ ಮನೆಗಳಲ್ಲಿ ಹಗಲೆಲ್ಲ ಒಂಟಿಯಾಗಿರುವ ಹಿರಿಯರು ಯಾರು, ಕೋಣೆ ಮಾಡಿಕೊಂಡಿರುವ ಹುಡುಗ ಹುಡುಗಿಯರು ಯಾರು, ಹೊಸದಾಗಿ ವರ್ಗವಾಗಿ ಬಂದವರು ಯಾರು. ಮುಲುಂಡ, ಭಾಂಡುಪ, ಠಾಣೆಗಳ ಮಟ್ಟಿಗೆ ಈ ಪಟ್ಟಿಯನ್ನು ಬರೆದುಕೊಡಲು ನಾನು ಸಿದ್ಧಳಿದ್ದೇನೆ. ಅರ್ಧ ಈಗಾಗಲೇ ನನ್ನ ನೋಟುಬುಕ್ಕಿನಲ್ಲಿದೆ. ಒಂದು ಬಡಾವಣೆಯಲ್ಲಿ ನಾಲ್ಕು ಮನೆಗಳು ಒಪ್ಪಿದರೆ ಒಂದೊಂದು ಮನೆಗೆ ತಿಂಗಳಿಗೊಂದು ಪಾಳಿ ಬರುತ್ತದೆ. ಮಳೆಗಾಲದಲ್ಲಿ ಹಳಿಗಳ ಮೇಲೆ ನೀರು ನಿಂತು ಗಾಡಿ ಕೈಕೊಟ್ಟ ದಿನವೂ ಅಲ್ಲಿಗೆ ಛತ್ರಿ ಹಿಡಿದು ನಡೆದೇ ಹೋಗಬಹುದು.